ಕುಸ್ವಾರಿನ ಲೆಕ್ಕದ ಪುಸ್ತಕ

ಹಬ್ಬದ ತಿಂಡಿ ಮನೆಯಲ್ಲೇ ಮಾಡಿದರೆ ಅಗ್ಗ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. 2025ರ ಕ್ರಿಸ್ಮಸ್ಸಿಗೆ ನಾನು ಕುಸ್ವಾರಿನ, ಅಂದರೆ ಆ ಹಬ್ಬಕ್ಕೆ ಮಾಡಿ ಹಂಚುವ ಬಗೆಬಗೆಯ ತಿಂಡಿಗಳ, ಒಂದೊಂದರ ಖರ್ಚನ್ನೂ ಬೇರೆ ಬೇರೆ ಬರೆದಿಟ್ಟೆ. ಆ ಮಾತು ಅರ್ಧ ನಿಜ. ಕಿಡಿಯೊ (ಹುಳದ ಹಾಗೆ ಸುರುಳಿ ಸುತ್ತಿ ಕರಿದದ್ದು), ಕೊಕ್ಕಿಸ್ (ಅಚ್ಚಿನಲ್ಲಿ ಕರಿದ ಹೂವು), ತುಕ್ಡಿ (ಶಂಕರಪೋಳಿಯ ಹಾಗಿನ ಕರಿದ ತುಂಡು), ಅಕ್ಕಿ ಲಾಡು ಮನೆಯಲ್ಲಿ ಮಾಡಿದರೆ ಬೇಕರಿ ಬೆಲೆಯ ಅರ್ಧವೂ ಆಗುವುದಿಲ್ಲ. ನೆವ್ರಿ (ಕರ್ಜಿಕಾಯಿ) ಮತ್ತು ಬಾಳೆಕಾಯಿ ಚಿಪ್ಸ್ ಹಾಗಲ್ಲ. ಅವನ್ನು ಮನೆಯಲ್ಲಿ ಮಾಡುವವರು ಆಸೆಗೆ ಮಾಡಬೇಕು, ಉಳಿತಾಯಕ್ಕೆ ಅಲ್ಲ.

ನಾವು ಮಂಗಳೂರಿನ ಜೆಪ್ಪುವಿನವರು. ಸ್ವಿಟ್ಜರ್ಲೆಂಡಿನ ಮಿಷನರಿಗಳ ಬಾಸೆಲ್ ಮಿಷನ್ ಕಾಲದಿಂದ ಇಲ್ಲೇ ಇರುವ ಪ್ರೊಟೆಸ್ಟೆಂಟ್ ಕುಟುಂಬ. ಮನೆಯಲ್ಲಿ ತುಳು ಮತ್ತು ಕನ್ನಡ, ಚರ್ಚಿನಲ್ಲಿ ಕನ್ನಡ. ಇವರ, ಅಂದರೆ ನನ್ನ ಗಂಡನ, ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕುಸ್ವಾರ್ ನಿಜವಾಗಿ ಕೊಂಕಣಿ ಮಾತಾಡುವ ಕೆಥೊಲಿಕರ ಪದ್ಧತಿ. ಕಂಪೌಂಡಿಗೆ ಕಂಪೌಂಡು ತಾಗಿ ಮನೆ ಇದ್ದರೆ ತಿಂಡಿ ಒಂದೇ ಕಡೆ ನಿಲ್ಲುವುದಿಲ್ಲ, ಅಲ್ವಾ? ಹಾಗೆ ನಮಗೂ ಬಂತು. ಈಗ ನಮ್ಮ ಅತ್ತೆಯ ಕಿಡಿಯೊ ತಿಂದು ಪಕ್ಕದ ಮನೆಯ ಕೆಥೊಲಿಕ್ ಆಂಟಿಯೇ ಅಳತೆ ಕೇಳುತ್ತಾರೆ.

ಲೆಕ್ಕ ಬರೆಯಲು ಕಾರಣ ಇತ್ತು. ಮಗಳಿಗೆ ದ್ವಿತೀಯ ಪಿಯುಸಿ. ಕೋಚಿಂಗಿನ ಫೀಸು ಕಟ್ಟಿ ಕೈ ಖಾಲಿಯಾಗಿತ್ತು. ಮುಂಬೈಯಿಂದ ನಾದಿನಿಯ ಸಂಸಾರ ರಜೆಗೆ ಬರುವುದು ಮೊದಲೇ ಗೊತ್ತಿತ್ತು. ತಿಂಡಿ, ಬಟ್ಟೆ, ನೆಂಟರ ಊಟ, ಕ್ಯಾರಲ್ (ಮನೆಮನೆಗೆ ಬಂದು ಹಾಡುವವರ ಸತ್ಕಾರ), ನಕ್ಷತ್ರ ಎಲ್ಲ ಸೇರಿ 15,000 ರೂಪಾಯಿ ಅಂತ ಗೆರೆ ಎಳೆದೆವು. ಅದು ಚೀಟಿಯಿಂದ ಬಂದ ಹಣ. ಅದರಾಚೆ ಸಾಲ ಇಲ್ಲ.

"ಇಷ್ಟರಲ್ಲಿ ಆಗ್ತದಾ?" ಅಂತ ಇವರು ಕೇಳಿದರು.

"ನಾನು ಬೀಡಿ ಕಟ್ಟಿದ ದುಡ್ಡಲ್ಲಿ ನಿಮಗೆಲ್ಲ ಹಬ್ಬ ಮಾಡಿ ಹಾಕ್ಲಿಲ್ವಾ? ನೀನು ಸುಮ್ನೆ ಇರು" ಅಂದರು ಅತ್ತೆ. ಮಾತು ಅಲ್ಲಿಗೆ ಮುಗಿಯಿತು.

ಹಬ್ಬದ ಮೊದಲ ಖರ್ಚು ತಿಂಡಿಯದ್ದಲ್ಲ, ರೈಲಿನದ್ದು. ಅದು ನಾದಿನಿಯ ಖರ್ಚು ನಿಜ. ಆದರೆ ಟಿಕೆಟ್ ಸಿಗದೆ ಅವರು ಕೊನೆಗೆ ಖಾಸಗಿ ಬಸ್ಸಿಗೆ ಮೂರು ಪಟ್ಟು ಕೊಟ್ಟು ಬಂದರೆ ವಾಪಸು ಹೋಗುವಾಗ ಇವರ ಜೇಬಿಗೂ ಕೈ ಬೀಳುತ್ತದೆ. ತಂಗಿ ಅಲ್ವಾ. 2024ರ ನವೆಂಬರಿನಿಂದ ರೈಲ್ವೆ ಮುಂಗಡ ಬುಕಿಂಗನ್ನು 120 ದಿನದಿಂದ 60 ದಿನಕ್ಕೆ ಇಳಿಸಿದೆ. ಡಿಸೆಂಬರ್ 22ಕ್ಕೆ ಮತ್ಸ್ಯಗಂಧ ರೈಲು ಹತ್ತಬೇಕಾದರೆ ಅಕ್ಟೋಬರ್ 23ರ ಬೆಳಿಗ್ಗೆ 8 ಗಂಟೆಗೆ ಮೊಬೈಲ್ ಹಿಡಿದು ಕೂರಬೇಕು. ಆಗ ಮೊದಲ ಹದಿನೈದು ನಿಮಿಷ ಆಧಾರ್ ದೃಢೀಕರಿಸಿದ ಖಾತೆಯಿಂದ ಮಾತ್ರ ಆಗುತ್ತಿತ್ತು. ಆ ಕೆಲಸ ಮುಂಚೆಯೇ ಮಾಡಿಡು ಅಂತ ನಾದಿನಿಗೆ ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು. ಹೋಗುವುದು ಬರುವುದು ಎರಡೂ ಸ್ಲೀಪರಿನಲ್ಲಿ ಸಿಕ್ಕಿತು.

ಬಟ್ಟೆಯೂ ಅಕ್ಟೋಬರಿನಲ್ಲೇ. ದೀಪಾವಳಿ ಮುಗಿದ ಕೂಡಲೇ ಅಂಗಡಿಗಳಲ್ಲಿ ಉಳಿದ ಮಾಲಿಗೆ ಬೆಲೆ ಇಳಿಯುತ್ತದೆ. ನಮ್ಮ ಕಡೆಯ ಟೈಲರುಗಳು ಡಿಸೆಂಬರ್ ಶುರುವಾದರೆ ಹೊಸ ಬಟ್ಟೆ ಮುಟ್ಟುವುದಿಲ್ಲ. ಮುಟ್ಟಿದರೂ 24ನೇ ತಾರೀಕು ಸಂಜೆ ಒಂದು ತೋಳು ಬಾಕಿ ಇರುತ್ತದೆ. ಮಗಳು ಅವಳ ಅಜ್ಜಿಯ ಹಳೆಯ ರೇಷ್ಮೆ ಸೀರೆಯನ್ನೇ ಉದ್ದ ಲಂಗ ಮಾಡಿಸಿಕೊಂಡಳು. ಹೊಲಿಗೆಯ ಹಣ ಮಾತ್ರ ಹೋಯಿತು. ಮಗನಿಗೆ ಒಂದು ಶರ್ಟು. ನನಗೂ ಇವರಿಗೂ ಇರುವುದೇ ಸಾಕು ಅಂದುಕೊಂಡೆವು. ಇದನ್ನು ತ್ಯಾಗ ಅಂತ ಯಾರೂ ತಿಳಿಯಬೇಡಿ, ಕಪಾಟಿನಲ್ಲಿ ಜಾಗ ಇಲ್ಲ.

ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿತ್ತು. ಬೆಣ್ಣೆ, ತುಪ್ಪಕ್ಕೆ ಶೇ. 12 ಇದ್ದದ್ದು 5ಕ್ಕೆ ಇಳಿಯಿತು. ಕೇಕು, ಬಿಸ್ಕತ್ತಿಗೆ 18 ಇದ್ದದ್ದೂ 5ಕ್ಕೆ ಬಂತು. ತೆರಿಗೆ ಇಳಿದಾಗಲೇ ಹಬ್ಬಕ್ಕೆ ಬೇಕಾದ ತುಪ್ಪ ತಂದಿಟ್ಟೆ. ನವೆಂಬರಿನಲ್ಲಿ ತುಪ್ಪದ ಬೆಲೆ ಇಳಿದದ್ದಕ್ಕಿಂತ ಜಾಸ್ತಿ ಏರಿತು. ಬೆಣ್ಣೆ ಮಾತ್ರ ಮುಂಚೆ ತರಲಿಲ್ಲ. ನಮ್ಮದು ಸಣ್ಣ ಫ್ರಿಜ್ಜು, ಅದರ ಮೇಲಿನ ಖಾನೆಯ ತುಂಬ ಬಂಗುಡೆ ಮೀನು.

ನವೆಂಬರ್ ಅಂದರೆ ನಮ್ಮ ಮನೆಯಲ್ಲಿ ಬಿಸಿಲಿನ ತಿಂಗಳು. ಅಕ್ಕಿ ತೊಳೆದು ನೆರಳಲ್ಲಿ ಆರಿಸಿ, ಹಿಟ್ಟು ಮಾಡಿಸಿ, ಆ ಹಿಟ್ಟನ್ನು ಮತ್ತೆ ಬಿಸಿಲಿಗೆ ಹರಡಿ ಡಬ್ಬಕ್ಕೆ ತುಂಬಬೇಕು. ಎಳ್ಳು, ಏಲಕ್ಕಿ, ಒಣ ಕೊಬ್ಬರಿ ಎಲ್ಲದಕ್ಕೂ ಬಿಸಿಲು ತೋರಿಸಬೇಕು. ಹಿಂದಿನ ವರ್ಷ, 2024ರಲ್ಲಿ, ಇದನ್ನೆಲ್ಲ ಡಿಸೆಂಬರ್ ಮೊದಲ ವಾರಕ್ಕೆ ಇಟ್ಟುಕೊಂಡಿದ್ದೆವು. ಆಗ ಫೆಂಗಲ್ ಚಂಡಮಾರುತ ಬಂತು. ಅದು ಏಳುವುದು ಬಂಗಾಳ ಕೊಲ್ಲಿಯಲ್ಲಿ, ಮಳೆ ಸುರಿದದ್ದು ನಮ್ಮ ಅಂಗಳದಲ್ಲಿ. ಡಿಸೆಂಬರ್ 3ರಂದು ಜಿಲ್ಲೆಯಲ್ಲಿ ಶಾಲೆಗಳಿಗೂ ರಜೆ ಕೊಟ್ಟಿದ್ದರು. ಇಡೀ ಮನೆಯ ಹಿಟ್ಟು ಮುಗ್ಗಲು ವಾಸನೆ ಹಿಡಿಯಿತು. ಹೀಗಾಗಿ ಈ ಸಲ ದೀಪಾವಳಿಯ ಮರುವಾರದಿಂದಲೇ ತಾರಸಿ ಹತ್ತಿದೆವು. ಕಾಗೆ ಕಾಯುವ ಕೆಲಸ ಮಗನಿಗೆ. ಅವನು ಮೊಬೈಲ್ ನೋಡುತ್ತ ಕೂತಿದ್ದ, ಕಾಗೆಗಳು ಅವನನ್ನು ನೋಡುತ್ತ ಕೂತಿದ್ದವು.

ಸೌದೆಯೂ ಇದೇ ಹೊತ್ತಿಗೆ ಕೂಡಿಡಬೇಕು. ಮಳೆಗಾಲದಲ್ಲಿ ಬಿದ್ದ ತೆಂಗಿನ ಮಡಲು, ಕೊತ್ತಲಿಗೆ, ಸಿಪ್ಪೆ, ಗೆರಟೆ ಎಲ್ಲ ನವೆಂಬರಿನ ಬಿಸಿಲಿಗೆ ಚೆನ್ನಾಗಿ ಒಣಗುತ್ತವೆ. ಪಕ್ಕದ ಆಂಟಿಯ ಹಿತ್ತಿಲಿನಲ್ಲಿ ರಾಶಿ ಬಿದ್ದಿತ್ತು. ಅವರಿಗೆ ಅದನ್ನು ಎತ್ತಿಸುವುದು ತಲೆನೋವು, ನಮಗೆ ಅದು ಉಚಿತ ಇಂಧನ. ಬಚ್ಚಲ ಹಿಂದೆ ಪೇರಿಸಿಟ್ಟೆವು.

ಇದರಲ್ಲಿ ಕರೆಂಟಿನ ಲೆಕ್ಕವೂ ಉಂಟು. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ನೋಡಿ ಉಚಿತ ಯೂನಿಟ್ ಕೊಟ್ಟಿದ್ದಾರೆ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ಲು ನಮ್ಮದೇ. ಮನೆಯಲ್ಲಿ ನಾಲ್ಕು ಜನ ಜಾಸ್ತಿಯಾದರು, ದಿನಾ ಗೀಸರ್ ಓಡಿತು, ಓವನ್ ಉರಿಯಿತು, ರಾತ್ರಿಯೆಲ್ಲ ಬಣ್ಣದ ಲೈಟು ಬೆಳಗಿತು ಅಂತಿಟ್ಟುಕೊಳ್ಳಿ. ಹಬ್ಬದ ಬಿಲ್ಲು ಜನವರಿಯಲ್ಲಿ ಬರುತ್ತದೆ. ಅದಕ್ಕೇ ಸ್ನಾನದ ನೀರು ಹಂಡೆಯಲ್ಲಿ ಅಂತ ತೀರ್ಮಾನ ಮಾಡಿದೆವು. ಮುಂಬೈಯ ಮಕ್ಕಳಿಗೆ ಅದೇ ದೊಡ್ಡ ಆಟವಾಯಿತು. ಬೆಳಿಗ್ಗೆ ಎದ್ದವರು ಟಿವಿ ಹಾಕುವ ಬದಲು ಒಲೆಗೆ ಮಡಲು ತುರುಕುತ್ತ ಕೂತರು.

ಸಾಮಾನು ತರಲು ಬಂದರಿನ ಸಗಟು ಪೇಟೆಗೆ ಹೋದೆ. ನಮ್ಮ ಊರಿನ ಸಿಟಿ ಬಸ್ಸುಗಳು ಹೆಚ್ಚುಕಡಿಮೆ ಎಲ್ಲ ಖಾಸಗಿ. ಬೆಂಗಳೂರಿನ ಹೆಂಗಸರ ಹಾಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಹಿಡಿದು ಓಡಾಡುವ ಯೋಗ ನಮಗಿಲ್ಲ. ಹೋಗಿಬರುವ ಬಸ್ಸಿನ ಹಣವನ್ನೂ ತಿಂಡಿಯ ಲೆಕ್ಕಕ್ಕೇ ಬರೆಯಬೇಕು. ಹಾಗಾಗಿ ಮೂರು ಮನೆಯ ಪಟ್ಟಿ ಒಟ್ಟು ಮಾಡಿದೆವು: ನಮ್ಮದು, ಪಕ್ಕದ ಆಂಟಿಯದ್ದು, ಎದುರು ಮನೆಯ ಅಕ್ಕನದ್ದು. ಅಕ್ಕ ಹಿಂದುಗಳು. ಆದರೆ ಅವರ ಮಕ್ಕಳು ಕೊಕ್ಕಿಸ್ ಇಲ್ಲದೆ ಡಿಸೆಂಬರ್ ಕಳೆಯುವುದಿಲ್ಲ. ಮೈದಾ, ಸಕ್ಕರೆ, ಎಣ್ಣೆ ಮೂರು ಮನೆಗೆ ಸೇರಿಸಿ ತೆಗೆದರೆ ಸಗಟು ಬೆಲೆಗೇ ಕೊಡುತ್ತಾರೆ. ಬರುವಾಗ ಒಂದೇ ರಿಕ್ಷಾ, ಬಾಡಿಗೆ ಮೂರು ಪಾಲು.

ಜಾಸ್ತಿ ಉಳಿದದ್ದು ಗೇರುಬೀಜದಲ್ಲಿ. ಮಂಗಳೂರಿನಲ್ಲಿ ಹುಟ್ಟಿ ಬೆಳೆದವರೂ ಅಂಗಡಿಗೆ ಹೋಗಿ "ಒಳ್ಳೆ ಬೀಜ ಅರ್ಧ ಕಿಲೋ" ಅಂತ ಕೇಳುತ್ತಾರೆ. ಅಂಗಡಿಯವನು ದೊಡ್ಡ ಬಿಳಿ ಬೀಜ ತೂಗುತ್ತಾನೆ. ಗೇರುಬೀಜದ ಬೆಲೆ ಇರುವುದು ಅದರ ಗಾತ್ರ ಮತ್ತು ರೂಪದಲ್ಲಿ. ಡಬ್ಲ್ಯೂ 240 ಅಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 220ರಿಂದ 240 ಇಡೀ ಬೀಜ. ಡಬ್ಲ್ಯೂ 320 ಅದಕ್ಕಿಂತ ಸಣ್ಣದು. ಉದ್ದಕ್ಕೆ ಎರಡು ಹೋಳಾದದ್ದಕ್ಕೆ ಜೆಎಚ್ ಅನ್ನುತ್ತಾರೆ. ಅದಕ್ಕಿಂತ ಕೆಳಗೆ ಬಿಳಿ ತುಂಡುಗಳು, ಎಲ್‌ಡಬ್ಲ್ಯೂಪಿ ಅಂತ. ಆಮೇಲೆ ಇನ್ನೂ ಸಣ್ಣ ನುಚ್ಚು. ಇಡಿಯಿಂದ ತುಂಡಿಗೆ ಇಳಿದ ಹಾಗೆ ಬೆಲೆಯೂ ಚೆನ್ನಾಗಿಯೇ ಇಳಿಯುತ್ತದೆ. ಎಲ್ಲ ಅದೇ ಮರದ್ದು, ರುಚಿಯಲ್ಲಿ ವ್ಯತ್ಯಾಸ ಇಲ್ಲ. ಕೇಕಿಗೆ ಹೇಗೂ ಕೊಚ್ಚಿಯೇ ಹಾಕುವುದು, ನೆವ್ರಿಗೂ ಪುಡಿ ಮಾಡಿಯೇ ತುಂಬುವುದು. ಇಡೀ ಬೀಜ ತಂದು ಮನೆಯಲ್ಲಿ ಕುಟ್ಟುವುದು ಯಾವ ಜಾಣತನ? ಇಡೀ ಬೀಜ ಕಾಣಬೇಕಾದದ್ದು ಕೇಕಿನ ಮೇಲೆ ಮಾತ್ರ. ಅದಕ್ಕೆ ಒಂದು ಮುಷ್ಟಿ ಸಾಕು.

ಮೊಟ್ಟೆಗೆ ಬೇರೆ ಉಪಾಯ. ಚಳಿಗಾಲದಲ್ಲಿ ಮೊಟ್ಟೆಯ ಬೆಲೆ ಏರುವುದು ಪ್ರತಿ ವರ್ಷದ ಕತೆ. ಉತ್ತರದ ಕಡೆ ಚಳಿಗೆ ಮೊಟ್ಟೆ ತಿನ್ನುವವರು ಜಾಸ್ತಿಯಾಗುತ್ತಾರೆ, ಎಲ್ಲ ಊರಿನಲ್ಲೂ ಕೇಕಿನ ಸೀಸನ್ ಶುರುವಾಗುತ್ತದೆ. ಮೊಟ್ಟೆ ಜಾಸ್ತಿ ಬೇಕಾದ ತಿಂಡಿಗಳನ್ನು ಕಡಿಮೆ ಮಾಡಿದೆವು. ತುಕ್ಡಿಗೆ ಮೊಟ್ಟೆ ಬಿಟ್ಟು ತೆಂಗಿನ ಹಾಲು ಹಾಕಿ ನಾದಿದೆ. ಯಾರಿಗೂ ಗೊತ್ತಾಗಲಿಲ್ಲ, ಅತ್ತೆಗೆ ಬಿಟ್ಟು.

ಇನ್ನು ಕರಿಯುವ ದಿನದ ವಿಷಯ. ಈ ಇಡೀ ತಯಾರಿಯಲ್ಲಿ ನನಗೆ ಖುಷಿ ಕೊಡುವುದು ಅದೊಂದೇ.

ಮೂರು ಮನೆಯವರು ನಮ್ಮ ಹಿಂದಿನ ಅಂಗಳದಲ್ಲಿ ಸೇರಿದೆವು. ಕಲ್ಲಿಟ್ಟು ಒಲೆ ಹೂಡಿ, ಅತ್ತೆಯ ಕಾಲದ ದೊಡ್ಡ ಬಾಣಲೆ ಇಟ್ಟೆವು. ಒಂದು ಬಾಣಲೆಯಲ್ಲಿ ಮೂರು ಮನೆಯ ತಿಂಡಿ ಕರಿದರೆ ಎಣ್ಣೆ ಎಷ್ಟು ಉಳಿಯುತ್ತದೆ ಅನ್ನುವುದು ಕರಿದವರಿಗೇ ಗೊತ್ತು. ಒಬ್ಬೊಬ್ಬರು ಬೇರೆ ಬೇರೆ ಕರಿದರೆ ಮೂರು ಮನೆಯಲ್ಲೂ ಕೊನೆಗೆ ಒಂದೊಂದು ಲೀಟರ್ ಕಪ್ಪು ಎಣ್ಣೆ ಉಳಿಯುತ್ತದೆ. ಅದನ್ನು ಚೆಲ್ಲಲು ಮನಸ್ಸು ಬರದೆ ವಾರಗಟ್ಟಲೆ ಮೀನು ಕಾಯಿಸುತ್ತೇವೆ. ಆರೋಗ್ಯಕ್ಕೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಸೌದೆಯ ಒಲೆ ಆದ್ದರಿಂದ ಆಗ 800 ರೂಪಾಯಿ ದಾಟಿದ್ದ ಸಿಲಿಂಡರಿನ ಗ್ಯಾಸು ಮುಟ್ಟಲೇ ಇಲ್ಲ.

ಯಾವ ಎಣ್ಣೆ ಅನ್ನುವುದಕ್ಕೆ ಚರ್ಚೆ ನಡೆಯಿತು. ಆಂಟಿಗೆ ತೆಂಗಿನೆಣ್ಣೆಯೇ ಆಗಬೇಕು. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿ ಹೋಗಿತ್ತು. "ಎಂಥ ಆಂಟಿ, ಕಿಡಿಯೊ ಕರಿಯುವುದಾ, ಚಿನ್ನ ಕರಿಯುವುದಾ?" ಅಂದರು ಎದುರು ಮನೆಯ ಅಕ್ಕ. ತಾಳೆ ಎಣ್ಣೆ ಅಗ್ಗ. ಆದರೆ ಅದರಲ್ಲಿ ಕರಿದ ತಿಂಡಿ ಚಳಿಯ ಬೆಳಿಗ್ಗೆ ನಾಲಿಗೆಗೆ ಮೇಣದ ಹಾಗೆ ಅಂಟುತ್ತದೆ. ಕೊನೆಗೆ ಸೂರ್ಯಕಾಂತಿ ಎಣ್ಣೆ ಅಂತಾಯಿತು. ಕಿಡಿಯೊ, ಕೊಕ್ಕಿಸ್ ಎರಡರ ಹಿಟ್ಟಿನಲ್ಲೂ ತೆಂಗಿನ ಹಾಲು ಇರುತ್ತದೆ, ಪರಿಮಳಕ್ಕೆ ಅದೇ ಸಾಕು.

ಕರಿಯುವುದಕ್ಕೆ ಒಂದು ಕ್ರಮ ಉಂಟು. ಅದು ಅತ್ತೆ ಕಲಿಸಿದ್ದು. ಹೊಸ ಎಣ್ಣೆಯಲ್ಲಿ ಮೊದಲು ಕೊಕ್ಕಿಸ್. ಅದಕ್ಕೆ ಬಣ್ಣ ಬಿಳಿಚಾಗಿರಬೇಕು. ಅಚ್ಚನ್ನು ಎಣ್ಣೆಯಲ್ಲೇ ಬಿಸಿ ಮಾಡಿ, ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಅಚ್ಚಿನ ಮೇಲೆ ಕೂತು ಬಿಡುವುದಿಲ್ಲ, ಹೂವು ಬೀಳುವುದೇ ಇಲ್ಲ. ಆಮೇಲೆ ಕಿಡಿಯೊ, ಅದರ ಹಿಂದೆ ತುಕ್ಡಿ. ನಂತರ ಚಕ್ಕುಲಿ. ಅದರ ಜೀರಿಗೆ, ಎಳ್ಳು ಎಣ್ಣೆಗೆ ಬೀಳುತ್ತದೆ. ಕಟ್ಟಕಡೆಗೆ ನೆವ್ರಿ, ಒಂದಾದರೂ ಬಾಯಿ ಬಿಟ್ಟು ಒಳಗಿನ ಸಕ್ಕರೆ ಎಣ್ಣೆಗೆ ಸುರಿದೇ ಸುರಿಯುತ್ತದೆ. ಈ ಕ್ರಮ ತಪ್ಪಿಸಿದರೆ ಮಧ್ಯದಲ್ಲಿ ಎಣ್ಣೆ ಬದಲಿಸಬೇಕಾಗುತ್ತದೆ.

ಕಿಡಿಯೊ ಮಾಡುವುದು ಕೈ ಜಾಸ್ತಿ ಬೇಕಾದ ಕೆಲಸ. ಮೈದಾ, ಸ್ವಲ್ಪ ತುಪ್ಪ, ತೆಂಗಿನ ಹಾಲು, ಮೊಟ್ಟೆ, ಉಪ್ಪು ಹಾಕಿ ನಾದಿ, ಗೋಲಿಯಷ್ಟು ಉಂಡೆ ಮಾಡಿ, ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಬೇಕು. ಸಾಮಾನು ಅಗ್ಗ, ಬೆಲೆ ಇರುವುದು ಕೂಲಿಗೆ. ಬೇಕರಿಯಲ್ಲಿ ಕಿಡಿಯೊ ದುಬಾರಿ ಯಾಕೆ ಅಂದರೆ ಇದೇ. ಮನೆಯಲ್ಲಿ ಕೂಲಿ ಇಲ್ಲದ ಕೈಗಳು ಸಿಕ್ಕರೆ ಮಾತ್ರ ಅಗ್ಗ. ಎಲ್ಲ ಮಕ್ಕಳನ್ನೂ ಚಾಪೆ ಹಾಕಿ ಕೂರಿಸಿದೆವು. ಇವರನ್ನೂ ಕೂರಿಸಿದೆವು. ಇವರ ಕಿಡಿಯೊಗಳು ಹುಳದ ಹಾಗೆ ಕಾಣದೆ ಬಸವನ ಹುಳುವಿನ ಹಾಗೆ ಕಂಡವು ಅಂತ ಮಗಳು ನಕ್ಕಳು. ಅವನ್ನು ನಾವೇ ತಿನ್ನಲು ಬೇರೆ ಡಬ್ಬಕ್ಕೆ ಹಾಕಿದೆ.

ನೆವ್ರಿಗೆ ಬಂದಾಗ ನನ್ನ ಪುಸ್ತಕ ತೆರೆದೆ. ಗೇರುಬೀಜ, ದ್ರಾಕ್ಷಿ, ಕೊಬ್ಬರಿ, ಎಳ್ಳು, ಏಲಕ್ಕಿ, ಪುಡಿ ಸಕ್ಕರೆ: ಹೂರಣದ ಖರ್ಚೇ ಕಿಡಿಯೊದ ಇಡೀ ಖರ್ಚಿಗಿಂತ ಜಾಸ್ತಿ. ತುಂಬಿಸಿ ಅಂಚು ಕತ್ತರಿಸುವ ಹೊತ್ತು ಬೇರೆ. ಹುರಿಗಡಲೆ ಪುಡಿ ಸೇರಿಸಿ ಹೂರಣ ಹಿಗ್ಗಿಸಬಹುದು. ಹಾಗೆ ಮಾಡುವವರಿದ್ದಾರೆ. ಆದರೆ ಆಂಟಿ ಒಪ್ಪಲಿಲ್ಲ. "ಕಡಲೆ ಹಾಕಿದ ನೆವ್ರಿ ಕೊಡುವುದಕ್ಕಿಂತ ಕೊಡದೆ ಇರುವುದು ಒಳ್ಳೇದು" ಅಂದರು. ನನಗೂ ಸರಿ ಕಂಡಿತು. ಹಂಚುವ ತಟ್ಟೆಗೆ ತಲಾ ಎರಡು ಬರುವಷ್ಟು ಮಾತ್ರ ಮಾಡಿದೆವು. ಬಾಳೆಕಾಯಿ ಚಿಪ್ಸ್ ಪಟ್ಟಿಯಿಂದಲೇ ಹೊಡೆದು ಹಾಕಿದೆ. ಅದು ತೆಂಗಿನೆಣ್ಣೆ ಇಲ್ಲದೆ ಚಿಪ್ಸೇ ಅಲ್ಲ. ಅದರ ಬದಲು ಖಾರದ ತುಕ್ಡಿ ಇಟ್ಟೆವು.

ಕೇಕಿನ ಹಣ್ಣು ನವೆಂಬರ್ ಕೊನೆಯಲ್ಲೇ ನೆನೆಹಾಕಿದ್ದೆ. ಆಂಟಿಯ ಮನೆಯಲ್ಲಿ ರಮ್, ನಮ್ಮಲ್ಲಿ ಕಿತ್ತಳೆ ರಸ. ಅತ್ತೆಗೆ ರಮ್ ಆಗುವುದಿಲ್ಲ, ನಮ್ಮ ಲೆಕ್ಕಕ್ಕೂ ಆಗುವುದಿಲ್ಲ. ರಸದಲ್ಲಿ ನೆನೆದದ್ದು ಹೊರಗಿಟ್ಟರೆ ಹುಳಿಯುತ್ತದೆ, ಫ್ರಿಜ್ಜಿನಲ್ಲೇ ಇಡಬೇಕು. ಬಂಗುಡೆ ಅಲ್ಲಿಂದ ಜಾಗ ಖಾಲಿ ಮಾಡಿತು. ಚೆರ್ರಿ, ದುಬಾರಿ ಒಣಹಣ್ಣು ಬಿಟ್ಟು ಕಪ್ಪು ದ್ರಾಕ್ಷಿ, ಖರ್ಜೂರ, ಟುಟ್ಟಿಫ್ರುಟ್ಟಿ, ಕಿತ್ತಳೆ ಸಿಪ್ಪೆಯ ಮುರಬ್ಬ ಹಾಕಿದೆ. ಕೇಕಿಗೆ ಆ ಗಾಢ ಬಣ್ಣ ಬರುವುದು ಹಣ್ಣಿನಿಂದ ಅಲ್ಲ, ಸುಟ್ಟ ಸಕ್ಕರೆಯಿಂದ. ಸಕ್ಕರೆ ಕಪ್ಪಾಗುವ ತನಕ ಕಾಯಿಸಿ, ಇನ್ನೇನು ಕಹಿಯಾಗುತ್ತದೆ ಅನ್ನುವಾಗ ಬಿಸಿನೀರು ಹಾಕಬೇಕು. ಮುಖ ದೂರ ಇಟ್ಟುಕೊಳ್ಳಿ, ಸಿಡಿಯುತ್ತದೆ.

ಬೇಯಿಸಿದ್ದು ನಮ್ಮ ಓವನಿನಲ್ಲಲ್ಲ. ಹಿಟ್ಟು ಕಲಸಿ ಟಿನ್ನಿಗೆ ಹಾಕಿ ಹತ್ತಿರದ ಬೇಕರಿಗೆ ಕೊಟ್ಟೆವು. ಬ್ರೆಡ್ ತೆಗೆದ ಮೇಲೆ ಅವರ ಒಲೆ ಹೇಗೂ ಬಿಸಿ ಇರುತ್ತದೆ, ಕಿಲೋ ಲೆಕ್ಕದಲ್ಲಿ ಸಣ್ಣ ಹಣ ತೆಗೆದುಕೊಂಡು ಬೇಯಿಸಿ ಕೊಡುತ್ತಾರೆ. ಮನೆಯ ಓವನಿನಲ್ಲಿ ಒಂದೊಂದೇ ಟಿನ್ ಇಟ್ಟು ಮಧ್ಯಾಹ್ನವೆಲ್ಲ ಕಾಯುವ ಕೆಲಸ ಇಲ್ಲ, ಯೂನಿಟ್ಟೂ ಉಳಿಯಿತು. 20ನೇ ತಾರೀಕು ಕಳೆದರೆ ಅಲ್ಲಿ ಸಾಲು ಶುರುವಾಗುತ್ತದೆ. ಟಿನ್ನಿನ ಮೇಲೆ ಹೆಸರು ಬರೆದ ಚೀಟಿ ಅಂಟಿಸದಿದ್ದರೆ ಯಾರದೋ ಕೇಕು ಯಾರದೋ ಮನೆಗೆ.

ಮನೆ ಸಿಂಗಾರದ್ದು ಜಾಸ್ತಿ ಹೇಳಲು ಇಲ್ಲ. ಪರದೆ ಒಗೆದೆವು, ಎದುರಿನ ಗೋಡೆಗೆ ಮಾತ್ರ ಸುಣ್ಣ. ಬಿದಿರಿನ ಕಡ್ಡಿ ಕಟ್ಟಿ ಬಣ್ಣದ ಕಾಗದ ಅಂಟಿಸಿ ಮಗ ನಕ್ಷತ್ರ ಮಾಡಿದ, ಒಳಗೆ ಒಂದು ಎಲ್‌ಇಡಿ ಬಲ್ಬು. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಹುಲ್ಲು ಬೇಕಾದರೆ ಡಿಸೆಂಬರ್ ಎರಡನೇ ವಾರದಲ್ಲಿ ಹಳೆಯ ತಟ್ಟೆಯಲ್ಲಿ ಮಣ್ಣು ಹಾಕಿ ನೆನೆಸಿದ ಭತ್ತವನ್ನೋ ರಾಗಿಯನ್ನೋ ಬಿತ್ತಿದರೆ ಆಯಿತು. ಹಬ್ಬದ ಹೊತ್ತಿಗೆ ಬೆರಳುದ್ದ ಹಸಿರು ಬಂದಿರುತ್ತದೆ. ಪ್ಲಾಸ್ಟಿಕ್ ಹುಲ್ಲು ಹಣ ಕೊಟ್ಟು ತರುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ.

ಚಳಿಗಾಲದ ತಯಾರಿ ಅಂದರೆ ಉತ್ತರದವರು ನಗಬಹುದು. ನಮ್ಮ ಚಳಿ ಅಂದರೆ ಬೆಳಗಿನ ಜಾವ ಫ್ಯಾನು ಒಂದು ನಂಬರ್ ಕಡಿಮೆ ಮಾಡುವಷ್ಟು. ಮಧ್ಯಾಹ್ನ 33 ಡಿಗ್ರಿ ಬಿಸಿಲು. ಆದರೂ ಘಟ್ಟದ ಕಡೆಯಿಂದ ಬೆಳಿಗ್ಗೆ ಬೀಸುವ ಒಣ ಗಾಳಿಗೆ ತುಟಿ ಒಡೆಯುತ್ತದೆ, ಅತ್ತೆಯ ಹಿಮ್ಮಡಿ ಬಿರಿಯುತ್ತದೆ, ಧೂಳಿಗೆ ಮಕ್ಕಳ ಕೆಮ್ಮು ಶುರು. ತಿಂಡಿಗೆ ಮಾತ್ರ ಈ ಒಣ ಗಾಳಿಯೇ ವರ. ಜುಲೈಯಲ್ಲಿ ಚಕ್ಕುಲಿ ಮಾಡಿ ನೋಡಿ, ಮರುದಿನಕ್ಕೆ ಮೆತ್ತಗೆ. ಡಿಸೆಂಬರಿನಲ್ಲಿ ತಗಡಿನ ಡಬ್ಬದಲ್ಲಿಟ್ಟರೆ ವಾರಗಟ್ಟಲೆ ಗರಿಗರಿ. ನೆಂಟರಿಗೆ ಹೊಸ ಹೊದಿಕೆ ತರಲಿಲ್ಲ. ಹಳೆಯ ಕಾಟನ್ ಸೀರೆ ಎರಡು ಪದರ ಸೇರಿಸಿ ಅತ್ತೆ ಕೈಯಲ್ಲೇ ಹೊಲಿದರು. ಹಾಸಿಗೆಗಳನ್ನು ತಾರಸಿಯಲ್ಲಿ ಬಿಸಿಲಿಗೆ ಹಾಕಿ ಬಡಿದೆವು. ಕಾಲಿನ ಬಿರುಕಿಗೆ ತೆಂಗಿನೆಣ್ಣೆ ಮತ್ತು ಮೇಣದ ಬತ್ತಿಯ ತುಂಡು ಕರಗಿಸಿ ಮಾಡಿದ ಮುಲಾಮು. ಕರಿಯಲು ಬಿಡದ ತೆಂಗಿನೆಣ್ಣೆ ಕಾಲಿಗೆ ಹೋಯಿತು ಅಂತ ಆಂಟಿಗೆ ಈಗಲೂ ಸಿಟ್ಟು.

ಕ್ಯಾರಲಿನ ರಾತ್ರಿ ನನ್ನ ಪುಸ್ತಕಕ್ಕೆ ದೊಡ್ಡ ಹೆದರಿಕೆ ಇತ್ತು. ಚರ್ಚಿನ ಯುವಕರು, ಮಕ್ಕಳು, ಹಿರಿಯರು, ಗಿಟಾರು, ತಬಲಾ ಎಲ್ಲ ಸೇರಿ ಒಂದು ಬಸ್ಸಿನಷ್ಟು ಜನ ಮನೆಗೆ ಬರುತ್ತಾರೆ. ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಇಲ್ಲ. ಎಲ್ಲರ ಮನೆಯಲ್ಲೂ ಕೇಕು ಮತ್ತು ತಂಪು ಪಾನೀಯ. ಬಾಟಲಿಗಳ ಖರ್ಚೇ ಸಾವಿರ ಮುಟ್ಟುತ್ತದೆ, ಮೇಲಿಂದ ಪ್ಲಾಸ್ಟಿಕ್ ಲೋಟ. ನಾವು ಬೆಲ್ಲ ಹಾಕಿದ ಕೊತ್ತಂಬರಿ, ಜೀರಿಗೆ, ಶುಂಠಿಯ ಕಷಾಯ ಕುದಿಸಿದೆವು, ದೊಡ್ಡ ಪಾತ್ರೆಯಲ್ಲಿ, ಹಾಲು ಸೇರಿಸಿ. ಜೊತೆಗೆ ಅಕ್ಕಿ ಲಾಡು ಮತ್ತು ಚಕ್ಕುಲಿ. ರಾತ್ರಿಯೆಲ್ಲ ಹಾಡಿ ಗಂಟಲು ಕಟ್ಟಿದವರಿಗೆ ಅದು ಬೇಕಾಗಿತ್ತು. ಎರಡನೇ ಸಲ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೇ ಬಂದರು. ತಬಲಾದ ಹುಡುಗ, "ಆಂಟಿ, ಕೇಕು ತಿಂದು ತಿಂದು ಸಾಕಾಗಿದೆ, ಲಾಡು ಇನ್ನೊಂದು ಉಂಟಾ?" ಅಂದ.

ಹಬ್ಬದ ದಿನ ತಟ್ಟೆ ಹಂಚುವುದು. ದೀಪಾವಳಿಗೆ ಬಂದವರು, ಈದಿಗೆ ಬಿರಿಯಾನಿ ಕಳಿಸಿದವರು, ಅಷ್ಟಮಿಗೆ ಮೂಡೆ ಕಡುಬು ಕೊಟ್ಟವರು, ಯಾರೂ ಬಿಡುವ ಹಾಗಿಲ್ಲ. ಈಗ ಅಂಗಡಿಗಳಲ್ಲಿ ಕುಸ್ವಾರಿಗೆ ಅಂತಲೇ ಬಣ್ಣದ ಪೆಟ್ಟಿಗೆ, ರಿಬ್ಬನ್ ಮಾರುತ್ತಾರೆ. ಒಳಗಿನ ತಿಂಡಿಗಿಂತ ಪೆಟ್ಟಿಗೆಗೇ ಜಾಸ್ತಿ ಹಣ. ನಾವು ಹಳೆಯ ಹಾಗೆ ಸ್ಟೀಲ್ ತಟ್ಟೆಗೆ ಬಾಳೆಲೆ ಹಾಸಿ, ಮೇಲೆ ಅತ್ತೆ ಹೆಣೆದ ಕ್ರೋಶ ಬಟ್ಟೆ ಮುಚ್ಚಿ ಕಳಿಸಿದೆವು. ಕೊಟ್ಟ ತಟ್ಟೆ ಖಾಲಿ ವಾಪಸು ಬರುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಎಲ್ಲ ತಟ್ಟೆ ಸೇರಿ ಜನವರಿಯ ಚಹಾಕ್ಕೆ ಆಗುವಷ್ಟು ಸಕ್ಕರೆ ಬಂತು. ಲೆಕ್ಕದ ಪುಸ್ತಕದಲ್ಲಿ ಅದನ್ನು ಜಮೆಗೆ ಬರೆದೆ. ಇವರು ನೋಡಿ ನಕ್ಕರು.

ಗೆರೆ ಎಳೆದ ಹಣ ದಾಟಲಿಲ್ಲ. ಮಲ್ಲಿಗೆಗೆ ಮಾತ್ರ ಕೈ ಸ್ವಲ್ಪ ಸಡಿಲವಾಯಿತು. ಚಳಿಗಾಲದಲ್ಲಿ ಹೂ ಬಿಡುವುದು ಕಡಿಮೆ, ಬೆಲೆ ಆಕಾಶಕ್ಕೆ. ನಾಲ್ಕು ಚೆಂಡಿನ (ಚೆಂಡು ಅಂದರೆ ಕಟ್ಟಿದ ಮಲ್ಲಿಗೆಯ ಒಂದು ಉಂಡೆ) ಒಂದು ಅಟ್ಟೆ ಕೊಳ್ಳುವ ಮಾತೇ ಇಲ್ಲ. ನಾದಿನಿ ಆಸೆಪಟ್ಟಳು ಅಂತ ಒಂದು ಚೆಂಡು ತಂದು ಎಲ್ಲರೂ ಹಂಚಿ ಮುಡಿದೆವು.

ಹೊರಡುವಾಗ ನಾದಿನಿ ಕೇಳಿದ್ದು ಅಕ್ಕಿ ಲಾಡಿನ ಅಳತೆ. ಅವಳಿಗೆ ಬರೆದುಕೊಟ್ಟದ್ದನ್ನೇ ಇಲ್ಲಿ ಹಾಕುತ್ತೇನೆ. ಕೆಂಪು ಕುಚ್ಚಲಕ್ಕಿ ಒಂದು ಕಿಲೋ. ತೊಳೆದು ನೀರು ಬಸಿದು, ಬಟ್ಟೆಯ ಮೇಲೆ ಹರಡಿ ಆರಿಸಬೇಕು. ದಪ್ಪ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಚಟಪಟ ಅಂತ ಅರಳುವ ತನಕ ಹುರಿಯಬೇಕು. ತಣಿದ ಮೇಲೆ ರವೆಯಷ್ಟು ತರಿಯಾಗಿ ಪುಡಿ. ಬೆಲ್ಲ ಮುಕ್ಕಾಲು ಕಿಲೋ, ಒಂದು ಲೋಟ ನೀರಿನಲ್ಲಿ ಕರಗಿಸಿ ಸೋಸಿ, ಒಂದು ದೊಡ್ಡ ತೆಂಗಿನಕಾಯಿಯ ತುರಿ ಹಾಕಿ ಅಂಟು ಬರುವ ತನಕ ಕಾಯಿಸಬೇಕು. ಹುರಿದ ಎಳ್ಳು 100 ಗ್ರಾಂ, ಏಲಕ್ಕಿ, ಚಿಟಿಕೆ ಉಪ್ಪು. ಒಲೆಯಿಂದ ಇಳಿಸಿ ಪುಡಿ ಕಲಸಿ, ಕೈ ತಡೆಯುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ಹಸಿ ತೆಂಗಿನಕಾಯಿ ಹಾಕಿದ್ದು ನಾಲ್ಕೈದು ದಿನದಲ್ಲಿ ಮುಗಿಸಿ. ಜಾಸ್ತಿ ದಿನ ಇಡುವುದಾದರೆ ಒಣ ಕೊಬ್ಬರಿಯನ್ನು ತುರಿದು ಹುರಿದು ಹಾಕಿ. ಗೇರುಬೀಜ ಹಾಕಬೇಕು ಅಂತ ಆಸೆಯಾದರೆ ತುಂಡು ಬೀಜ ಸಾಕು.